ಬಾಲರಂಗಶಿಕ್ಷಣವೂ ಹೊರನಾಡ ಮಗುವಿನ ಮಾತೂ

ಹೈದರಾಬಾದು ನಗರದ ಪಶ್ಚಿಮ ಭಾಗದಲ್ಲಿರುವ ಕೊಂಡಾಪುರದಲ್ಲಿ ಇಂದು ಮಕ್ಕಳಿಗೆ ಏನನ್ನು ಕಲಿಸಬೇಕೆಂದರೂ ಕಲಿಸುವವರು ದೊರೆಯುತ್ತಾರೆ. ಈಜು, ಚದುರಂಗ, ಕೂಚಿಪುಡಿ, ಗಿಟಾರು ಮೊದಲಾದವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ನಾಟಕವೂ ಸೇರಿಕೊಂಡಿದೆ. ಈ ತರಗತಿಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ಮಗುವಿನ ಸಂಕೋಚವನ್ನು ಬಿಡಿಸುವುದು, ನಾಲ್ಕು ಜನರೆದುರು ಧೈರ್ಯವಾಗಿ ಮಾತಾಡುವಂತೆ ಮಾಡುವುದು ಅವುಗಳ ಗುರಿ. ಗುರಿಯಲ್ಲಿ ದೋಷವೇನೂ ಇಲ್ಲ. ಆದರೆ ಧೈರ್ಯವಾಗಿ ಆಡಬೇಕಾದ ಆ ಮಾತು ಯಾವುದು ಎಂಬ ಪ್ರಶ್ನೆ ಅಲ್ಲಿನ ಕನ್ನಡ ಮನೆಗಳಲ್ಲಿ ಏಳದೆ ಇರುವುದಿಲ್ಲ. ಅದಕ್ಕೆ ಉತ್ತರವನ್ನು ಅರಸುವವರು ಕನ್ನಡ ರಂಗಭೂಮಿಯೇ ಮಕ್ಕಳ ಶಿಕ್ಷಣದಲ್ಲಿ ಮಾಡಿದ ಪ್ರಯೋಗಗಳನ್ನು ಮೊದಲು ಪರಿಶೀಲಿಸುವುದು ಉಚಿತ.

ಈ ಪ್ರಯೋಗಗಳ ನಡುವೆ ಒಂದು ವಿಚಿತ್ರ ಸಂಗತಿ ಎದ್ದು ಕಾಣುತ್ತದೆ. ಮಕ್ಕಳಿಂದ ಮತ್ತೆ ಮತ್ತೆ ಆಡಿಸಲ್ಪಟ್ಟಿರುವ ಕನ್ನಡ ನಾಟಕಗಳಲ್ಲೊಂದು ಶಿಕ್ಷಣವನ್ನೇ ಹಾಸ್ಯಮಾಡುವ ನಾಟಕ. ಬಿ. ವಿ. ಕಾರಂತರ ‘ಪಂಜರಶಾಲೆ’ಗೆ ಮೂಲ ರವೀಂದ್ರನಾಥ ಠಾಕೂರರು 1918ರಲ್ಲಿ ಬರೆದ ಗಿಳಿಯ ಕಥೆ. ಹಾಡುತ್ತ ಕುಪ್ಪಳಿಸುತ್ತ ಕಾಡಿನ ಹಣ್ಣನ್ನು ತಿಂದುಕೊಂಡಿದ್ದ ಹಕ್ಕಿಗೆ ಶಾಸ್ತ್ರ ತಿಳಿಯದೆಂದು, ಅದರಿಂದ ಹಣ್ಣಿನ ಪೇಟೆಗೆ ನಷ್ಟವೆಂದು ರಾಜನಿಗೆ ಅನ್ನಿಸುತ್ತದೆ. ವಿದ್ಯಾಭ್ಯಾಸದ ಹೊಣೆ ರಾಜಬಂಧುಗಳಿಗೆ ಬೀಳುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಅಕ್ಕಸಾಲಿಗ ಶ್ರೀಮಂತನಾಗುತ್ತಾನೆ, ಪಂಡಿತರು ಬರುತ್ತಾರೆ, ಲಿಪಿಕಾರರು ಪ್ರತಿಯ ಮೇಲೆ ಪ್ರತಿ ಎತ್ತಿ ಗುಡ್ಡೆ ಹಾಕುತ್ತಾರೆ. ಪಂಜರವನ್ನು ನೋಡಿದವರೆಲ್ಲ ಹೊಗಳುತ್ತಾರೆ. ಹಕ್ಕಿಯನ್ನು ನೋಡಿದಿರಾ ಎಂದು ನಿಂದಕನೊಬ್ಬ ಕೇಳಿದಾಗ ಮಾತ್ರ ಅದು ಮರೆತೇ ಹೋಗಿತ್ತೆಂಬುದು ರಾಜನಿಗೆ ನೆನಪಾಗುತ್ತದೆ. ಕೊನೆಗೆ ಗಂಟಲಿಗೆ ತುರುಕಿದ ಹಾಳೆಗಳಿಂದ ಹಕ್ಕಿ ಸಾಯುತ್ತದೆ. ಶಿಕ್ಷಣ ಪೂರ್ಣವಾಯಿತೆಂದು ವರದಿ ಬರುತ್ತದೆ. ರಾಜನು ಬೆರಳಿನಿಂದ ಒತ್ತಿ ನೋಡಿದರೆ ಒಳಗಿನಿಂದ ಕೇಳಿಬರುವುದು ಹಾಳೆಗಳ ಸರಪರ ಸದ್ದು ಮಾತ್ರ.

ಇದು ಸುಲಭದ ವ್ಯಂಗ್ಯ ಎನ್ನುವವರುಂಟು. ಆದರೆ ವ್ಯಂಗ್ಯವನ್ನು ಆಡಿತೋರಿಸುವವರು ಮಕ್ಕಳಾದಾಗ ಅದರ ಮೊನೆ ಬೇರೆಯಾಗುತ್ತದೆ. ಪಂಡಿತನ ಪಾತ್ರವನ್ನು ಹತ್ತು ವರ್ಷದ ಹುಡುಗ ವಹಿಸಿ, ತನ್ನ ಶಾಲೆಯಲ್ಲಿ ಕಂಡ ಗತ್ತನ್ನೇ ನಡಿಗೆಯಲ್ಲಿ ತಂದಾಗ, ಸಭೆಯಲ್ಲಿ ಕುಳಿತ ತಂದೆತಾಯಿಗಳು ನಗುತ್ತಲೇ ಅಸ್ವಸ್ಥರಾಗುತ್ತಾರೆ. ಕಾರಂತರಿಗೆ ಈ ವಸ್ತು ಒಲಿದುದು ಆಕಸ್ಮಿಕವಲ್ಲ. ದಕ್ಷಿಣ ಕನ್ನಡದ ಹುಡುಗನಾಗಿ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು ಅವರು. ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ಓದಿದವರು. ರಾಷ್ಟ್ರೀಯ ನಾಟಕ ಶಾಲೆಯ ಶಿಕ್ಷಣವಾದ ಮೇಲೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದವರು. ಶಾಲೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ಬಲ್ಲವರಿಗೆ ಮಾತ್ರ ಸಾಧ್ಯವಾಗುವ ಸಲಿಗೆ ಆ ನಾಟಕದಲ್ಲಿದೆ. ಅವರು ವೈದೇಹಿಯವರಿಗೆ ಹೇಳಿ ಬರೆಯಿಸಿದ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಹೊರನಾಡಿನ ಕನ್ನಡಿಗರಿಗೆ ಈ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ನಾಟಕಶಾಲೆಯೇ ಮುಂದಾಗಿ ಮಕ್ಕಳ ಶಿಕ್ಷಣಕ್ಕೆ ಕೈಹಾಕುವುದು ಎಲ್ಲೆಡೆಯಲ್ಲೂ ಈಚಿನ ಸಂಗತಿ. ಇಂಗ್ಲೆಂಡಿನ ಕವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರ 1965ರಲ್ಲಿ ನಟರೂ ಶಿಕ್ಷಕರೂ ಆದವರ ತಂಡವೊಂದನ್ನು ಕಟ್ಟಿ ಶಾಲೆಗಳಿಗೆ ಕಳುಹಿಸಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಆ ಬಗೆಯ ತಂಡವನ್ನು ರಚಿಸಿದ್ದು 1989ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1979ರಲ್ಲಿ, ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಸ್ಥಾಪಿಸಿದ್ದರು. ‘ಅಳಿಲು ರಾಮಾಯಣ’ದಂತಹ ಪ್ರಯೋಗಗಳು ಅಲ್ಲಿಂದ ಹೊರಬಂದವು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗ ಇನ್ನೂ ಹಿಂದಿನದು. ಆದರೆ ಅದು ಶಾಲೆ ರಂಗವನ್ನು ಕರೆದುಕೊಂಡದ್ದೇ ಹೊರತು ರಂಗ ಶಾಲೆಯನ್ನು ಕಟ್ಟಿದ್ದಲ್ಲ. 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶಕತ್ವದಲ್ಲಿ ಆರಂಭವಾದ ಮೈಸೂರಿನ ರಂಗಾಯಣ ಬೇಸಿಗೆಯ ರಜೆಯಲ್ಲಿ ನಡೆಸಿಕೊಂಡು ಬಂದಿರುವ ಚಿಣ್ಣರ ಮೇಳ ಈ ಪರಂಪರೆಯ ಅತ್ಯಂತ ಪ್ರಸಿದ್ಧ ರೂಪ. ನೂರಾರು ಮಕ್ಕಳು ತಂಡ ತಂಡವಾಗಿ ಹಾಡು, ಕುಣಿತ, ಮುಖವಾಡ, ಜನಪದ ಆಟ ಇವುಗಳ ಮೂಲಕ ನಾಟಕಕ್ಕೆ ಬರುತ್ತಾರೆ. ಅಲ್ಲಿಯ ವಿಶೇಷವೆಂದರೆ ಕಲಿಸುವವರ ನಡುವೆ ಅದೇ ಅಂಗಳದಲ್ಲಿ ವರ್ಷವೆಲ್ಲ ಅಭಿನಯಿಸುವ ಕಲಾವಿದರೇ ಇರುವುದು. ಕಮ್ಮಾರನ ಕುಲುಮೆಯ ಪಕ್ಕದಲ್ಲಿಯೇ ಕಬ್ಬಿಣದ ಪಾಠ ನಡೆದಂತೆ.

ಇಷ್ಟು ಹೇಳಿದ ಮೇಲೆ ಈ ಶಿಬಿರಗಳ ಅನುಕರಣದಿಂದ ಊರೂರಿಗೆ ಹಬ್ಬಿರುವ ಪದ್ಧತಿಯ ಬಗ್ಗೆ ಒಂದು ಮಾತನ್ನು ಆಡಲೇಬೇಕಾಗಿದೆ. ಇಪ್ಪತ್ತೋ ಮೂವತ್ತೋ ದಿನಗಳ ಶಿಬಿರ ಸಮಾರೋಪದ ಪ್ರದರ್ಶನವನ್ನು ಮೊದಲ ದಿನದಿಂದಲೇ ಕಣ್ಣ ಮುಂದಿಟ್ಟುಕೊಂಡು ನಡೆಯುತ್ತದೆ. ಪ್ರತಿಯೊಂದು ಮಗುವಿಗೂ ಒಂದು ಮಾತಾದರೂ ಸಿಗಬೇಕು. ಸಿಗದಿದ್ದರೆ ತಂದೆತಾಯಿಗಳಿಗೆ ಅಸಮಾಧಾನ. ಆದ್ದರಿಂದ ನಾಟಕವನ್ನು ಕೊರೆದು ಹೋಳು ಮಾಡಿ ಹಂಚಲಾಗುತ್ತದೆ. ಧ್ವನಿ ಹಿಂದಿನ ಸಾಲಿಗೆ ಕೇಳಿಸದೆಂಬ ಭಯದಿಂದ ಸಂಭಾಷಣೆಯನ್ನು ಮೊದಲೇ ಮುದ್ರಿಸಿ, ರಂಗದ ಮೇಲೆ ಮಕ್ಕಳು ತುಟಿಯನ್ನಷ್ಟೆ ಆಡಿಸುವ ಕ್ರಮ ಶಾಲಾವಾರ್ಷಿಕೋತ್ಸವಗಳಲ್ಲಿ ಬೇರೂರಿ ಈಗ ಶಿಬಿರಗಳಿಗೂ ಕಾಲಿಟ್ಟಿದೆ. ವೇಷಭೂಷಣ ಸೊಗಸಾಗಿರುತ್ತದೆ, ಬೆಳಕು ಸೊಗಸಾಗಿರುತ್ತದೆ, ಭಾವಚಿತ್ರಗಳೂ ಸೊಗಸಾಗಿ ಬರುತ್ತವೆ. ಪಂಜರವನ್ನು ಹೊಗಳಿದ ರಾಜನ ಆಸ್ಥಾನಿಕರೂ ಇದನ್ನೇ ಮಾಡಿದ್ದು. ‘ಪಂಜರಶಾಲೆ’ಯನ್ನೇ ಮುದ್ರಿತ ಧ್ವನಿಗೆ ಆಡಿಸಿದರೆ ಹಕ್ಕಿಯ ಹೊಟ್ಟೆಯ ಹಾಳೆಯ ಸದ್ದು ನಿಜವಾಗಿಯೂ ಕೇಳಿಸಬಹುದು.

ಇಂಗ್ಲೆಂಡಿನ ಪೀಟರ್ ಸ್ಲೇಡ್ 1954ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಗುವಿನ ನಾಟಕವೆಂಬುದು ತನ್ನಷ್ಟಕ್ಕೆ ಸ್ವತಂತ್ರವಾದ ಕಲೆ, ಅದನ್ನು ಎಳೆಯ ವಯಸ್ಸಿನಲ್ಲಿಯೇ ಎತ್ತರದ ರಂಗಕ್ಕೆ ಏರಿಸಿ ಪ್ರೇಕ್ಷಕರ ಚಪ್ಪಾಳೆಗೆ ಒಡ್ಡಿದರೆ ಅದು ಕೆಡುತ್ತದೆ ಎಂಬ ವಾದವನ್ನು ಮಂಡಿಸಿದರು. ವಾದದಲ್ಲಿ ಸತ್ಯಾಂಶವಿದೆ. ಆದರೆ ಅದನ್ನು ಇಡಿಯಾಗಿ ಕನ್ನಡಕ್ಕೆ ತಂದುಕೊಳ್ಳುವುದು ಅವಿವೇಕ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಹಾಕುವವರು ಬಹುವಾಗಿ ಹೊಸದಾಗಿ ಕಲಿಯುತ್ತಿರುವ ಎಳೆಯರೇ. ಪ್ರಸಂಗ ಇನ್ನೂ ಆರಂಭವಾಗಿರುವುದಿಲ್ಲ. ಸಭೆ ಇನ್ನೂ ನೆರೆಯುತ್ತಿರುತ್ತದೆ. ಹೆಜ್ಜೆ ತಪ್ಪಿದರೆ ಗಮನಿಸುವವರು ಭಾಗವತರೂ ಚೆಂಡೆಯವರೂ ಮಾತ್ರ. ಕಲಿಯುವವನನ್ನು ಪ್ರೇಕ್ಷಕರೆದುರಿಗೆ ನಿಲ್ಲಿಸಿಯೂ ಅವರ ತೀರ್ಪಿನಿಂದ ರಕ್ಷಿಸುವ ಉಪಾಯ ಇದು, ಮತ್ತು ಶಿಕ್ಷಣಶಾಸ್ತ್ರದ ಯಾವ ಗ್ರಂಥಕ್ಕೂ ಸಾಲ ತೀರಿಸಬೇಕಾದ ಉಪಾಯವಲ್ಲ. ಆದ್ದರಿಂದ ಪ್ರೇಕ್ಷಕನೇ ದೋಷಿಯಲ್ಲ. ಒಂದೇ ಪ್ರದರ್ಶನ, ಅದೇ ಕೊನೆ, ಮರುದಿನ ಶಿಬಿರವಿಲ್ಲ ಎಂಬ ವ್ಯವಸ್ಥೆ ದೋಷಿ. ಯಕ್ಷಗಾನದ ಹುಡುಗ ನಾಳೆಯೂ ಕೋಡಂಗಿಯಾಗುತ್ತಾನೆ.

ಈಗ ಕೊಂಡಾಪುರಕ್ಕೆ ಹಿಂದಿರುಗಬಹುದು. ಹೈದರಾಬಾದಿನ ಹಳೆಯ ಕನ್ನಡ ವಸತಿಗೆ ಕಾಚಿಗುಡದ ಸುತ್ತಿನಲ್ಲಿ ಶಾಲೆಯೂ ಸಾಹಿತ್ಯಮಂದಿರವೂ ಇದ್ದು, ಮಗು ಕನ್ನಡ ಅಕ್ಷರವನ್ನು ಊರಿನೊಳಗೇ ಕಲಿಯುವ ಅನುಕೂಲವಿತ್ತು. ತಂತ್ರಾಂಶದ ಉದ್ಯೋಗಗಳನ್ನು ಅರಸಿ ಬಂದು ಪಶ್ಚಿಮದ ಬಡಾವಣೆಗಳಲ್ಲಿ ನೆಲಸಿದ ಸಂಸಾರಗಳಿಗೆ ಕಾಚಿಗುಡ ನಗರದ ಇನ್ನೊಂದು ತುದಿ. ಇಲ್ಲಿಯ ಮಗುವಿಗೆ ಕನ್ನಡ ಕಿವಿಯ ಭಾಷೆ: ಅಜ್ಜಿಯೊಡನೆ ದೂರವಾಣಿಯಲ್ಲಿ ಆಡುವುದು, ಅಡಿಗೆಮನೆಯಲ್ಲಿ ಕೇಳುವುದು. ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ತೆಲಂಗಾಣದ 2018ರ ಶಾಸನದಂತೆ ತೆಲುಗು ಕಡ್ಡಾಯ. ನಾಲ್ಕನೆಯ ಭಾಷೆಗೆ ವೇಳಾಪಟ್ಟಿಯಲ್ಲಿ ಎಡೆಯಿಲ್ಲ. ಅಕ್ಷರಾಭ್ಯಾಸದಿಂದ ಆರಂಭಿಸುವ ಭಾನುವಾರದ ಪಾಠಗಳಲ್ಲಿ ಇಂತಹ ಮಗು ಹತ್ತನೆಯ ವಯಸ್ಸಿನಲ್ಲಿ ಒಂದನೆಯ ತರಗತಿಗೆ ಇಳಿಯಬೇಕಾಗುತ್ತದೆ. ಆ ಅವಮಾನವನ್ನು ಅದು ಮರೆಯುವುದಿಲ್ಲ. ಕನ್ನಡವೆಂದರೆ ತನಗೆ ಬಾರದ ವಿಷಯವೆಂದು ತೀರ್ಮಾನಿಸಿಬಿಡುತ್ತದೆ.

ನಾಟಕದ ಕೋಣೆಯೊಂದರಲ್ಲಿ ಮಾತ್ರ ಕಿವಿಯ ಕನ್ನಡಕ್ಕೆ ಪೂರ್ಣ ಬೆಲೆ ಉಂಟು. ಅಕ್ಷರ ಬಾರದವನೂ ಅಲ್ಲಿ ರಾಜನಾಗಬಲ್ಲ. ಅಷ್ಟೇ ಅಲ್ಲ, ಪಠ್ಯಪುಸ್ತಕ ಕಲಿಸಲಾರದ ಒಂದು ಪದಸಂಪತ್ತನ್ನು ನಾಟಕ ಮೈಯಿಂದಲೇ ಕಲಿಸುತ್ತದೆ. ವೈದೇಹಿಯವರ ಮಕ್ಕಳ ನಾಟಕಗಳನ್ನು ಗಮನಿಸಬೇಕು: ಶೇಕ್ಸ್‌ಪಿಯರನ ಬಿರುಗಾಳಿಯ ನಾಟಕ ಅವರ ಕೈಯಲ್ಲಿ ‘ಧಾಂಧೂಂ ಸುಂಟರಗಾಳಿ’ಯಾಗುತ್ತದೆ, ಇನ್ನೊಂದರ ಹೆಸರು ‘ಢಣಾಡಂಗುರ’. ಅನುಕರಣ ಶಬ್ದಗಳು ಇಲ್ಲಿ ಅಲಂಕಾರವಲ್ಲ, ಅಭಿನಯದ ಸೂಚನೆಗಳು. ಸರಸರ, ದಡಬಡ, ಪಿಳಿಪಿಳಿ ಎಂಬವುಗಳ ಅರ್ಥವನ್ನು ನಿಘಂಟು ಹೇಳಬಹುದು. ಅವುಗಳ ವೇಗವನ್ನೂ ಭಾರವನ್ನೂ ಹೇಳಲಾರದು. ತೆಲುಗಿನ ನೆರೆಯಲ್ಲಿ ಬೆಳೆಯುವ ಮಗುವಿಗೆ ಇಲ್ಲೊಂದು ಸ್ವಾರಸ್ಯದ ತೊಡಕೂ ಇದೆ. ತೆಲುಗಿನಲ್ಲಿ ಗಬಗಬ ಎಂದರೆ ಯಾವ ಅವಸರಕ್ಕೂ ಒಪ್ಪುತ್ತದೆ, ನಡೆದರೂ ಗಬಗಬ. ಕನ್ನಡದಲ್ಲಿ ಹಾಗೆ ಮಾಡುವವನು ಮುಖ್ಯವಾಗಿ ಊಟಕ್ಕೆ ಕುಳಿತವನು. ವ್ಯಾಕರಣದ ಪಾಠಕ್ಕೆ ಇದು ಅಡಿಟಿಪ್ಪಣಿಯಾದರೆ, ತಾಲೀಮಿನಲ್ಲಿ ಎರಡು ನಿಮಿಷದ ಆಟ.

ಕುವೆಂಪು ಅವರ ‘ನನ್ನ ಗೋಪಾಲ’, ‘ಮೋಡಣ್ಣನ ತಮ್ಮ’ಗಳು ಹೊರನಾಡಿನಲ್ಲಿ ಸ್ವಲ್ಪ ಕಷ್ಟಸಾಧ್ಯವೆಂದೇ ತೋರುತ್ತದೆ, ಅವುಗಳ ಸೌಂದರ್ಯ ನುಡಿಯ ನಯದಲ್ಲಿ ನಿಂತಿರುವುದರಿಂದ ಕಂಠಪಾಠಕ್ಕೆ ಜಾರುವ ಅಪಾಯ ಹೆಚ್ಚು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಹಾಗಲ್ಲ. ಬ್ರೌನಿಂಗನ ಕಥನದಿಂದ ಹುಟ್ಟಿದ ಆ ಕವನದಲ್ಲಿ ಓಟವಿದೆ, ಇಲಿಗಳ ಗದ್ದಲವಿದೆ, ಎಷ್ಟು ಮಕ್ಕಳು ಬಂದರೂ ರಂಗದ ಮೇಲೆ ಎಡೆಯಿದೆ. ಮಾತು ಕೊಟ್ಟು ತಪ್ಪಿದ ಊರು ತನ್ನ ಮಕ್ಕಳನ್ನೇ ಕಳೆದುಕೊಂಡ ಕಥೆಯನ್ನು ಊರು ಬಿಟ್ಟು ಬಂದವರ ಮಕ್ಕಳು ಆಡಿದರೆ, ಸಭೆಯಲ್ಲಿ ಕುಳಿತ ಹಿರಿಯರಿಗೆ ಏನನ್ನಿಸುವುದೋ ಅದು ಬೇರೆ ವಿಷಯ.

ತಾಲೀಮಿಗೆ ಮಾತನ್ನು ಬರೆದುಕೊಡುವ ಕ್ರಮದಲ್ಲಿ ಹೊರನಾಡ ಸಂಘಗಳು ಮಾಡುವ ತಪ್ಪೊಂದನ್ನು ಇಲ್ಲಿ ಎತ್ತಿ ಹೇಳುವುದು ಅಗತ್ಯ. ಮಕ್ಕಳಿಗೆ ಓದಲು ಬಾರದೆಂದು ಸಾಲುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡುವ ವಾಡಿಕೆ ಬಲವಾಗಿದೆ. ಆ ಲಿಪಿಯ ಬಳಕೆಯ ಬರಹದಲ್ಲಿ ಹಳ್ಳಿಗೂ ಹಲ್ಲಿಗೂ ಭೇದವಿಲ್ಲ. ಕಲೆಗೂ ಕಳೆಗೂ ಭೇದವಿಲ್ಲ. ಹ್ರಸ್ವದೀರ್ಘಗಳು ಕಲಸಿಹೋಗುತ್ತವೆ. ಮನೆಯಲ್ಲಿ ಸರಿಯಾಗಿಯೇ ‘ಹಳ್ಳಿ’ ಎನ್ನುತ್ತಿದ್ದ ಮಗು ಕಾಗದವನ್ನು ನೋಡಿ ‘ಹಲ್ಲಿ’ ಎನ್ನತೊಡಗುತ್ತದೆ. ಕಿವಿಯಿಂದ ಬಂದ ಒಳ್ಳೆಯ ಉಚ್ಚಾರಣೆಯನ್ನು ಕಾಗದ ಕೆಡಿಸುತ್ತದೆ. ಇದಕ್ಕೆ ಪರಿಹಾರ ಮಗುವಿನ ಶಾಲೆಯ ಚೀಲದಲ್ಲಿಯೇ ಇದೆ. ಕಡ್ಡಾಯವೆಂದು ಅನೇಕ ಕನ್ನಡ ಮನೆಗಳು ಗೊಣಗುತ್ತಲೇ ಒಪ್ಪಿಕೊಂಡ ತೆಲುಗಿನ ಲಿಪಿ ಕನ್ನಡದ ಲಿಪಿಯೊಡನೆ ಒಂದೇ ಬೇರಿನಿಂದ ಬಂದುದು. ಮಧ್ಯಯುಗದವರೆಗೂ ಎರಡು ಭಾಷೆಗಳನ್ನೂ ಬರೆದುದು ಬಹುಮಟ್ಟಿಗೆ ಒಂದೇ ಲಿಪಿಯಲ್ಲಿ. ಇಂದಿಗೂ ತಲೆಕಟ್ಟಿನ ವ್ಯತ್ಯಾಸವನ್ನೂ ಕೆಲವು ಅಕ್ಷರಗಳ ಭಿನ್ನರೂಪವನ್ನೂ ಬಿಟ್ಟರೆ ವ್ಯವಸ್ಥೆ ಒಂದೇ: ಅದೇ ಗುಣಿತ, ಅದೇ ಒತ್ತು, ಅದೇ ಳಕಾರ. ತೆಲುಗನ್ನು ಓದಬಲ್ಲ ಹತ್ತು ವರ್ಷದ ಮಗು ಕನ್ನಡಕ್ಕೆ ಒಂದನೆಯ ತರಗತಿಯಿಂದ ಬರಬೇಕಾಗಿಲ್ಲ. ಅರ್ಧ ದಾರಿಯನ್ನು ಆಗಲೇ ನಡೆದಿದೆ. ನಾಟಕದ ಮಾತುಗಳನ್ನು ಒಂದು ಪುಟದಲ್ಲಿ ತೆಲುಗು ಲಿಪಿಯಲ್ಲಿಯೂ ಎದುರು ಪುಟದಲ್ಲಿ ಕನ್ನಡ ಲಿಪಿಯಲ್ಲಿಯೂ ಬರೆದು ಕೊಟ್ಟರೆ, ಎಡದ ಪುಟ ತಾಲೀಮಿಗೆ ಒದಗುತ್ತದೆ, ಬಲದ ಪುಟ ಕುತೂಹಲಕ್ಕೆ. ರಾಜ್ಯದ ಶಾಸನ ಕನ್ನಡದ ಮಗುವಿಗೆ ಶತ್ರುವೆಂದು ಭಾವಿಸುವವರು ಈ ಲೆಕ್ಕದ ಜಮೆಯ ಕಡೆಯನ್ನು ನೋಡಿದಂತಿಲ್ಲ.

ಕಂಠಪಾಠದ ಮಾತಿನಿಂದ ಸ್ವಂತ ಮಾತಿಗೆ ದಾಟಿಸುವುದು ಇನ್ನೂ ಮುಂದಿನ ಹೆಜ್ಜೆ. ಇಲ್ಲಿ ಮತ್ತೆ ಯಕ್ಷಗಾನವೇ ದಾರಿತೋರಬಲ್ಲುದು. ಪದ್ಯವನ್ನು ಭಾಗವತರು ಹಾಡಿದ ಮೇಲೆ ಅರ್ಥವನ್ನು ವೇಷಧಾರಿ ತಾನೇ ಕಟ್ಟಿ ಹೇಳಬೇಕು. ಅನ್ಯಭಾಷೆಯ ಪದ ನುಸುಳಿದರೆ ಸಭೆ ಮುಖ ಕಿವಿಚುತ್ತದೆ. ಕೊಂಡಾಪುರದ ಮಕ್ಕಳಿಂದ ಅಂತಹ ಶುದ್ಧಿಯನ್ನು ನಿರೀಕ್ಷಿಸುವುದು ನಗೆಗೀಡು. ಆದರೆ ದೃಶ್ಯದ ಸಂದರ್ಭವನ್ನು ಮಾತ್ರ ಕೊಟ್ಟು, ಮಾತನ್ನು ಮಗುವೇ ಹುಡುಕಿಕೊಳ್ಳುವಂತೆ ಬಿಡುವ ಕ್ರಮ ಅಸಾಧ್ಯವೇನೂ ಅಲ್ಲ. ಮೊದಲ ವಾರ ಅರ್ಧ ಇಂಗ್ಲಿಷು ಬರುತ್ತದೆ, ಕಾಲುಭಾಗ ತೆಲುಗು ಬರುತ್ತದೆ. ಬರಲಿ. ನಿಂದಕನ ಪ್ರಶ್ನೆ ಇಲ್ಲಿ ನೆನಪಿರಬೇಕು: ಪಂಜರ ಹೇಗಿದೆ ಎಂದಲ್ಲ, ಹಕ್ಕಿ ಹೇಗಿದೆ ಎಂದು.

ಇದೆಲ್ಲಕ್ಕೂ ಬೇಕಾದುದು ಬೇಸಿಗೆಯ ಶಿಬಿರವಲ್ಲ, ವರ್ಷವೆಲ್ಲ ವಾರಕ್ಕೊಮ್ಮೆ ತೆರೆಯುವ ಕೋಣೆ ಮತ್ತು ರಂಗವನ್ನು ಬಲ್ಲ ಒಬ್ಬ ಕನ್ನಡಿಗ. ಕೋಣೆಗೆ ಕೊರತೆಯಿಲ್ಲ, ಕೊಂಡಾಪುರದ ದೊಡ್ಡ ದೊಡ್ಡ ವಸತಿ ಸಮುಚ್ಚಯಗಳ ಸಭಾಂಗಣಗಳು ಹುಟ್ಟುಹಬ್ಬಗಳಿಲ್ಲದ ಹೊತ್ತಿನಲ್ಲಿ ಬರಿದಾಗಿಯೇ ಇರುತ್ತವೆ. ಕಲಿಸುವವರ ವಿಷಯದಲ್ಲಿಯೂ ದೂರ ಹೋಗಬೇಕಾಗಿಲ್ಲ. ಬಡಾವಣೆಯ ಬಳಿಯಲ್ಲಿಯೇ ಇರುವ ಹೈದರಾಬಾದು ವಿಶ್ವವಿದ್ಯಾನಿಲಯದಲ್ಲಿ ರಂಗಕಲೆಯ ವಿಭಾಗವಿದೆ. 1956ರವರೆಗೆ ಇದೇ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಕಲಬುರಗಿಯಲ್ಲಿ ಈಗ ರಂಗಾಯಣದ ಕೇಂದ್ರವೇ ಇದೆ. ರಾತ್ರಿ ಅಲ್ಲಿ ರೈಲು ಹತ್ತಿದವರು ಬೆಳಗಿನ ಹೊತ್ತಿಗೆ ಇಲ್ಲಿರುತ್ತಾರೆ. ಎರಡು ಲಿಪಿಗಳ ಪುಸ್ತಿಕೆಯನ್ನು ಮುದ್ರಿಸಲು, ನಾಟಕಕಾರರ ಅಥವಾ ಅವರ ಹಕ್ಕುದಾರರ ಅನುಮತಿ ದೊರೆತಲ್ಲಿ, ಸಂಘವೊಂದರ ರಾಜ್ಯೋತ್ಸವದ ವೆಚ್ಚದ ಸಣ್ಣ ಪಾಲು ಸಾಕು. ಆರಂಭಕ್ಕೆ ‘ಪಂಜರಶಾಲೆ’ಯನ್ನೇ ಎತ್ತಿಕೊಳ್ಳಬಹುದು. ಪಂಡಿತರ ಪಾತ್ರಕ್ಕೆ ಮಕ್ಕಳ ನಡುವೆ ಪೈಪೋಟಿ ನಡೆಯುತ್ತದೆ. ಹಕ್ಕಿಯಾಗಲು ಒಪ್ಪುವ ಮಗುವನ್ನು ಹುಡುಕುವುದೇ ನಿರ್ದೇಶಕನಿಗೆ ಕಷ್ಟ.