ಮೂರು ಗೋಲಿನ ಕೀರ್ತಿ, ನೂರೈವತ್ತರ ಮರೆವು

ಡಲ್ಲಾಸ್ ಸ್ಟಾರ್ಸ್ ತಂಡದ ಸ್ವೀಡಿಶ್ ಆಟಗಾರರ ಮಾತು ಬಂದರೆ ಟೆಕ್ಸಸ್‌ನ ಐಸ್ ಹಾಕಿ ಅಭಿಮಾನಿಗಳು ಮೊದಲು ಎತ್ತುವುದು 2008ರ ಅಕ್ಟೋಬರ್ 15ರ ರಾತ್ರಿಯನ್ನು. ಅಂದು ಫೇಬಿಯನ್ ಬ್ರುನ್‌ಸ್ಟ್ರೋಮ್ ತನ್ನ ಮೊದಲ ಎನ್‌ಎಚ್‌ಎಲ್ ಪಂದ್ಯದಲ್ಲೇ ನ್ಯಾಶ್‌ವಿಲ್ ವಿರುದ್ಧ ಮೂರು ಗೋಲು ಹೊಡೆದ. ಲೀಗಿನ ಚರಿತ್ರೆಯಲ್ಲಿ ಅವನಿಗಿಂತ ಮೊದಲು ಇಬ್ಬರಿಗಷ್ಟೇ ಅದು ಸಾಧ್ಯವಾಗಿತ್ತು. ಫಾರ್ಯೆಸ್ತಾದ್ ಕ್ಲಬ್ಬಿನ ಈ ಹುಡುಗನನ್ನು ಡ್ರಾಫ್ಟ್‌ನಲ್ಲಿ ಯಾರೂ ಕೇಳಿರಲಿಲ್ಲ. ಆ ವರ್ಷ ಮಾತ್ರ ಹಲವು ತಂಡಗಳು ಅವನ ಹಿಂದೆ ಬಿದ್ದಿದ್ದವು. ಕಥೆ ಚೆನ್ನಾಗಿದೆ, ಒಪ್ಪೋಣ. ಆದರೆ ಅವನ ಎನ್‌ಎಚ್‌ಎಲ್ ಆಟ 104 ಪಂದ್ಯಕ್ಕೆ ಮುಗಿಯಿತು; ಒಟ್ಟು ಗೋಲು 19. ಅದೇ ಸೀಸನ್‌ನಲ್ಲಿ, ಅದೇ ತಂಡದಲ್ಲಿ, ಗೋಥೆನ್‌ಬರ್ಗಿನ ಇನ್ನೊಬ್ಬ ಹುಡುಗ 36 ಗೋಲು ಹೊಡೆದಿದ್ದ. ಅವನು ಲೂಯಿ ಎರಿಕ್ಸನ್.

ಅರ್ಧ ಅನ್ಯಾಯ ಹೆಸರಿನಲ್ಲೇ ಇದೆ. ಸ್ವೀಡನ್ನಿನಲ್ಲಿ ಆಂಡರ್ಸನ್, ಯೋಹಾನ್ಸನ್, ಕಾರ್ಲ್‌ಸನ್, ನಿಲ್ಸನ್, ಎರಿಕ್ಸನ್ ಎಂದು ಕೂಗಿದರೆ ಬೀದಿಯಲ್ಲಿ ಹತ್ತು ಜನ ತಿರುಗಿ ನೋಡಬೇಕು. ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಅಪ್ಪನ ಹೆಸರನ್ನು ಮನೆತನದ ಹೆಸರಾಗಿ ಗೂಟಕ್ಕೆ ಕಟ್ಟಿದ್ದು ಅಲ್ಲಿನ 1901ರ ಕಾನೂನು. (ಟೆಕ್ಸಸ್‌ನ ಮಿಸೌರಿ ಸಿಟಿಯ ನಮ್ಮ ಕನ್ನಡ ಮನೆಗಳಲ್ಲಿ ಆ ಕೆಲಸವನ್ನು ಪಾಸ್‌ಪೋರ್ಟ್ ಅರ್ಜಿ ಮಾಡಿತು: ಇನಿಶಿಯಲ್ಲಿನೊಳಗೆ ತೆಪ್ಪಗಿದ್ದ ಅಪ್ಪ ಈಗ ಮೊಮ್ಮಕ್ಕಳ ಶಾಲೆಯ ಹಾಜರಿ ಪಟ್ಟಿಯಲ್ಲಿ ಲಾಸ್ಟ್ ನೇಮ್.) ನದಿ, ಬೆಟ್ಟಗಳನ್ನು ಹೊತ್ತ ಬ್ರುನ್‌ಸ್ಟ್ರೋಮ್, ಕ್ಲಿಂಗ್‌ಬರ್ಗ್‌ಗಳು ಕಿವಿಯಲ್ಲಿ ನಿಲ್ಲುತ್ತವೆ, ಎರಿಕ್ಸನ್ ಜಾರಿಹೋಗುತ್ತದೆ. ಈ ತಂಡ ಮಿನೆಸೋಟಾದಲ್ಲಿದ್ದ ಕಾಲಕ್ಕೆ, 1976ರಲ್ಲಿ, ರೋಲಂಡ್ ಎರಿಕ್ಸನ್ ಎಂಬ ಬೇರೊಬ್ಬ ಅದರಲ್ಲಿ ಆಡಲು ಬಂದಿದ್ದ. 1993ರಲ್ಲಿ ತಂಡ ಡಲ್ಲಾಸ್‌ಗೆ ಗುಳೆ ಬಂದಾಗ ಅವನ ನೆನಪೇನೂ ಜೊತೆಗೆ ಬರಲಿಲ್ಲ.

ಲೂಯಿ ಕಲಿತದ್ದು ಫ್ರೋಲುಂಡಾ ಕ್ಲಬ್ಬಿನಲ್ಲಿ. 2003ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಅವನನ್ನು 33ನೆಯವನಾಗಿ ಆರಿಸಿತು. ಡಲ್ಲಾಸ್‌ಗಾಗಿ 501 ಪಂದ್ಯ, 150 ಗೋಲು, 207 ಅಸಿಸ್ಟ್. 2009–10ರಿಂದ 2011–12ರವರೆಗೆ ಸತತ ಮೂರು ಸೀಸನ್‌ಗಳಲ್ಲಿ ಗೋಲು, ಅಸಿಸ್ಟ್ ಸೇರಿ 71, 73, 71 ಪಾಯಿಂಟು. ಆಗ ಪತ್ರಿಕೆಗಳು ಅವನಿಗೊಂದು ಬಿರುದು ಕೊಟ್ಟವು: ಲೀಗಿನಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲದ ಆಟಗಾರ. ನನ್ನ ತಕರಾರು ಇಲ್ಲಿಂದ ಶುರು. ಮನ್ನಣೆ ಕೊಡಬೇಕಾದವರೇ ಮನ್ನಣೆ ಸಿಕ್ಕಿಲ್ಲವೆಂದು ಮರುಗಿದರೆ ಅದು ವಿಮರ್ಶೆಯಲ್ಲ, ಕೈತೊಳೆದುಕೊಳ್ಳುವುದು. ಅವನು ಏನು ಮಾಡುತ್ತಿದ್ದ ಎಂದು ಬರೆಯುವ ಶ್ರಮವನ್ನು ಆ ಬಿರುದು ಉಳಿಸಿಕೊಟ್ಟಿತು.

ಏನು ಮಾಡುತ್ತಿದ್ದ? ಒಂದೇ ಒಂದು ವರಸೆಯನ್ನು ನೋಡೋಣ. ಎದುರಾಳಿ ಪಕ್ ಹಿಡಿದು ಡಲ್ಲಾಸ್ ಗೋಲಿನತ್ತ ನುಗ್ಗುತ್ತಿದ್ದಾನೆ, ಎರಿಕ್ಸನ್ ಅವನ ಬೆನ್ನ ಹಿಂದೆ. ಅವನು ಮೈಮೇಲೆ ಬೀಳುವುದಿಲ್ಲ, ಕೋಲಿನಿಂದ ಬಡಿಯುವುದೂ ಇಲ್ಲ. ತನ್ನ ಕೋಲನ್ನು ಎದುರಾಳಿಯ ಕೋಲಿನಡಿಗೆ, ತುದಿಯ ಅಲಗಿನಿಂದ ತುಸು ಮೇಲಕ್ಕೆ ತೂರಿಸಿ, ನಾಲ್ಕು ಬೆರಳು ಎತ್ತುತ್ತಾನೆ ಅಷ್ಟೆ. ಪಕ್ ಅನಾಥವಾಗುತ್ತದೆ, ಅದೇ ಕೋಲು ಕೆಳಗಿಳಿಯುತ್ತ ಅದನ್ನು ಎತ್ತಿಕೊಳ್ಳುತ್ತದೆ. ಎತ್ತುವುದು ಯಾರಿಗೂ ಬರುತ್ತದೆ, ಗುಟ್ಟಿರುವುದು ಯಾವಾಗ ಎಂಬುದರಲ್ಲಿ. ಬೇಗ ಎತ್ತಿದರೆ ಎದುರಾಳಿ ಮೈ ಅಡ್ಡ ತಂದು ಪಕ್ ಕಾಯುತ್ತಾನೆ. ತಡವಾದರೆ ಹೊಡೆತ ಆಗಲೇ ಹೊರಟಿರುತ್ತದೆ. ತುಸು ಮೇಲೆ ತಗುಲಿದರೆ ಕೈಗೆ ಬಿದ್ದು ರೆಫರಿಯ ತೋಳು ಮೇಲೇಳುತ್ತದೆ. 2010–11ರಲ್ಲಿ ಎರಿಕ್ಸನ್ 79 ಪಂದ್ಯ ಆಡಿ ಪೆನಾಲ್ಟಿಯಲ್ಲಿ ಕೂತದ್ದು 8 ನಿಮಿಷ, ಅಂದರೆ ಇಡೀ ಸೀಸನ್‌ಗೆ ಎರಡೆರಡು ನಿಮಿಷದ ನಾಲ್ಕು ತಪ್ಪು. ಕದಿಯುವುದನ್ನೇ ಕಸುಬು ಮಾಡಿಕೊಂಡವನ ಲೆಕ್ಕವಿದು. ಎದುರಾಳಿಯಿಂದ ಪಕ್ ಕಸಿಯುವುದು, ತಿರುಗುವುದು, ಜೊತೆಗಾರ ಬ್ರ್ಯಾಡ್ ರಿಚರ್ಡ್ಸ್‌ಗೆ ಕೊಡುವುದು ಅವನಲ್ಲಿ ಮೂರು ಕೆಲಸಗಳಾಗಿರಲಿಲ್ಲ. ಪಕ್ ಇನ್ನೂ ಬೇರೆಯವರ ಕೋಲಿನಲ್ಲಿರುವಾಗಲೇ ಅದು ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗಿರುತ್ತಿತ್ತು.

ಇದನ್ನು ಮೃದು ಆಟ ಎಂದು ಕರೆದವರಿದ್ದಾರೆ. ಹಳೇ ಚಾಳಿ. 1973ರಲ್ಲಿ ಬೋರ್ಯೆ ಸಾಲ್ಮಿಂಗ್ ಟೊರಾಂಟೊಗೆ ಬಂದಾಗಲೂ ಸ್ವೀಡಿಶರೆಂದರೆ ಪುಕ್ಕಲರು ಎಂದು ಹಂಗಿಸಿ, ಕೋಲಿನಿಂದ ಬಡಿದೂ ನೋಡಿದ್ದರು. ಅಂಥವರಿಗೆ ಹ್ಯೂಸ್ಟನ್ನಿನ ಚರಿತ್ರೆಯೇ ಉತ್ತರ ಹೇಳುತ್ತದೆ. 1974 ಮತ್ತು 75ರಲ್ಲಿ, ಎನ್‌ಎಚ್‌ಎಲ್‌ಗೆ ಪೈಪೋಟಿ ಕೊಡುತ್ತಿದ್ದ ಲೀಗಾದ ಡಬ್ಲ್ಯುಎಚ್‌ಎ ಕಪ್ ಗೆದ್ದ ಗಾರ್ಡಿ ಹೋವ್‌ನ ಹ್ಯೂಸ್ಟನ್ ಏರೋಸ್ ತಂಡವನ್ನು 1976ರ ಫೈನಲ್‌ನಲ್ಲಿ ಸ್ವೀಡಿಶರಾದ ಆಂಡರ್ಸ್ ಹೆಡ್‌ಬರ್ಗ್, ಉಲ್ಫ್ ನಿಲ್ಸನ್ ಇದ್ದ ವಿನ್ನಿಪೆಗ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ಮನೆಗೆ ಕಳಿಸಿತು. ಹೋವ್‌ನ ಮೊಣಕೈ ಆಗ ಲೋಕಪ್ರಸಿದ್ಧ. ಪುಕ್ಕಲರು ಅದಕ್ಕೆ ಹೆದರಲಿಲ್ಲ.

ಇನ್ನೊಂದು ಜಗಳ ನಮ್ಮವರೊಡನೆಯೇ. ಎರಿಕ್ಸನ್ ಬಗ್ಗೆ ಹೇಳಹೊರಟರೆ ಇಲ್ಲಿನ ಕನ್ನಡ ಗೆಳೆಯರು ಪೂರ್ತಿ ಕೇಳುವ ಮೊದಲೇ "ಓ, ನಮ್ಮ ದ್ರಾವಿಡ್ ಥರ" ಅನ್ನುತ್ತಾರೆ. ಅಲ್ಲ ಸ್ವಾಮಿ. ಐಸಿಸಿ 2004ರಲ್ಲಿ ವರ್ಷದ ಆಟಗಾರನ ಪ್ರಶಸ್ತಿ ಶುರುಮಾಡಿದಾಗ ಮೊದಲು ಕೊಟ್ಟದ್ದೇ ದ್ರಾವಿಡ್‌ಗೆ. ಭಾರತದ ನಾಯಕತ್ವವೂ ಸಿಕ್ಕಿತು, ಗೋಡೆ ಎಂಬ ಪಟ್ಟವೂ ಸಿಕ್ಕಿತು. ಇದು ಕಡೆಗಣನೆಯಾದರೆ ನಮಗೆಲ್ಲರಿಗೂ ಸಿಗಲಿ. ಎರಿಕ್ಸನ್ ಮಿಂಚಿದ ನಾಲ್ಕು ಪೂರ್ಣ ಸೀಸನ್‌ಗಳಲ್ಲಿ ಡಲ್ಲಾಸ್ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಮಾಲೀಕರ ಸಾಲದ ಹೊರೆಯಲ್ಲಿ ತಂಡ 2011ರಲ್ಲಿ ದಿವಾಳಿ ಅರ್ಜಿ ಹಾಕಿತು. ನೋಡುವವರಿಲ್ಲದೆ ಆಡುವುದೂ, ಸಚಿನ್ನನ ಪಕ್ಕದಲ್ಲಿ ಆಡುವುದೂ ಒಂದೇ ಅಲ್ಲ.

ಎರಿಕ್ಸನ್‌ನ ವಿರೋಧಿಗಳ ಕೈಯಲ್ಲಿರುವ ತುರುಪು ವ್ಯಾಂಕೂವರ್. 2016ರಲ್ಲಿ ಆರು ವರ್ಷಕ್ಕೆ 3.6 ಕೋಟಿ ಡಾಲರ್ ಒಪ್ಪಂದ. ಯಾವ ಸೀಸನ್‌ನಲ್ಲೂ 11 ಗೋಲು ದಾಟಲಿಲ್ಲ. ಅದು ವೈಫಲ್ಯವೇ, ವಕಾಲತ್ತು ಬೇಡ. ಆದರೆ ಎಲ್ಲರೂ ನಗುವ, ಅಲ್ಲಿನ ಅವನ ಮೊದಲ ಪಂದ್ಯದ ಸ್ವಂತ ಗೋಲನ್ನು ಇನ್ನೊಮ್ಮೆ ನೋಡಿ. ಕ್ಯಾಲ್ಗರಿ ವಿರುದ್ಧ ಪೆನಾಲ್ಟಿ ಘೋಷಣೆಗೆ ಕಾದಿದೆ, ವ್ಯಾಂಕೂವರ್ ಗೋಲಿ ಜಾಗ ಬಿಟ್ಟು ಹೆಚ್ಚಿನ ಆಟಗಾರನಿಗೆ ಅವಕಾಶ ಕೊಟ್ಟಿದ್ದಾನೆ. ಎರಿಕ್ಸನ್ ಹಿಂದಕ್ಕೆ ಪಾಸ್ ಕೊಟ್ಟ. ಪಕ್ ಯಾರ ಕೋಲಿಗೂ ಸಿಗದೆ ರಿಂಕ್ ಉದ್ದಕ್ಕೂ ಜಾರಿ ಖಾಲಿ ಗೋಲು ಸೇರಿತು. ಜೊತೆಗಾರ ಇರಬೇಕಾದಲ್ಲಿ ಇರುತ್ತಾನೆಂಬ ನಂಬಿಕೆಯ ಪಾಸ್ ಅದು. ಡಲ್ಲಾಸ್‌ನಲ್ಲಿ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಅಸಿಸ್ಟ್ ತಂದುಕೊಟ್ಟದ್ದು ಇದೇ ಅಭ್ಯಾಸ. ಜೊತೆಗಾರರು ಬದಲಾಗಿದ್ದರು.

ಬ್ರುನ್‌ಸ್ಟ್ರೋಮ್‌ನ ರಾತ್ರಿಯನ್ನು ಅಭಿಮಾನಿಗಳೇ ಇಟ್ಟುಕೊಳ್ಳಲಿ. ಅದೇ ತಂಡಕ್ಕೆ ಆಡಿದ ಇನ್ನೊಬ್ಬ ಸ್ವೀಡಿಶ್ ಆಟಗಾರ ಜಾನ್ ಕ್ಲಿಂಗ್‌ಬರ್ಗ್ ಡಿಫೆನ್ಸ್‌ನವನು, ಅವನ ಲೆಕ್ಕ ಬೇರೆ. ಡಲ್ಲಾಸ್‌ಗೆ ಆಡಿದ ಸ್ವೀಡಿಶ್ ಫಾರ್ವರ್ಡ್‌ಗಳಲ್ಲಿ ಎರಿಕ್ಸನ್ ಮೊದಲಿಗ, ಎರಡನೆಯವನು ಅವನಿಂದ ಬಹಳ ದೂರದಲ್ಲಿದ್ದಾನೆ.