ಸೌಗಂಧಿಕದ ಸರೋವರವೂ ನಮ್ಮ ಚಾರಣ ಲೇಖನಗಳೂ

ನನ್ನ ವಿದ್ಯಾರ್ಥಿಯೊಬ್ಬ ಕಾಶ್ಮೀರದ ಸರೋವರಗಳನ್ನು ಕಾಲ್ನಡೆಯಲ್ಲಿ ನೋಡಿಬಂದು, ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಲೇಖನವೊಂದನ್ನು ತಂದುಕೊಟ್ಟ. ಸೋನಾಮಾರ್ಗದಿಂದ ಹೊರಟು ವಿಷನ್‌ಸರ್, ಕೃಷ್ಣಸರ್, ಗಡ್‌ಸರ್, ಗಂಗಾಬಲ್‌ಗಳನ್ನು ಕಂಡು ನಾರಾನಾಗಿಗೆ ಇಳಿಯುವ ದಾರಿ ಅದು. ನಡುವೆ 4,000 ಮೀಟರಿಗೂ ಎತ್ತರದ ಕಣಿವೆಯನ್ನು ದಾಟಬೇಕು. ಕೊತ್ತಗೆರೆಯಲ್ಲಿ ಕೆರೆಯ ಏರಿಯ ಮೇಲೆ ಕುಳಿತು ಅದನ್ನು ಓದಿದೆ. ಆರು ಪುಟಗಳಲ್ಲಿ ‘ವರ್ಣನಾತೀತ’ ಎಂಬ ಮಾತು ಏಳು ಸಲ ಬಂದಿತ್ತು.

ಇದು ಆ ಹುಡುಗನೊಬ್ಬನ ದೋಷವಲ್ಲ. ಈಚೆಗೆ ನಾನು ಓದಿದ ಚಾರಣ ಲೇಖನಗಳಲ್ಲಿ ಹೆಚ್ಚಿನವು ಹೀಗೆಯೇ ಇವೆ. ನೀರು ನೀಲಿ, ಹಿಮ ಬಿಳಿ, ಉಳಿದದ್ದೆಲ್ಲ ವರ್ಣನಾತೀತ. ಹಾಗೆನ್ನುವ ಲೇಖಕ ವರ್ಣಿಸುವ ಹೊಣೆಯಿಂದಲೇ ಜಾರಿಕೊಳ್ಳುತ್ತಾನಲ್ಲವೆ?

ಬೆಟ್ಟದ ಸರೋವರದ ಯಾತ್ರೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಅರಣ್ಯಪರ್ವದ ಸೌಗಂಧಿಕ ಪ್ರಸಂಗವನ್ನು ನೆನೆಯಿರಿ. ಗಾಳಿ ಹೊತ್ತು ತಂದ ಹೂವನ್ನು ದ್ರೌಪದಿ ಮೆಚ್ಚುತ್ತಾಳೆ, ಭೀಮ ಹೊರಡುತ್ತಾನೆ. ಆದರೆ ವ್ಯಾಸರು ನಮ್ಮನ್ನು ಒಮ್ಮೆಲೆ ಕೊಳದ ದಡಕ್ಕೆ ಒಯ್ಯುವುದಿಲ್ಲ. ಅದಕ್ಕೆ ಮೊದಲೇ ಗಂಧಮಾದನದಲ್ಲಿ ಬಿರುಗಾಳಿ, ಮಳೆ. ದ್ರೌಪದಿ ಸೋತು ಬೀಳುತ್ತಾಳೆ, ನಕುಲ ಸಹದೇವರು ಅವಳ ಪಾದಗಳನ್ನು ಒತ್ತುತ್ತಾರೆ. ಮುಂದೆ ಭೀಮನ ದಾರಿಗೆ ಅಡ್ಡಲಾಗಿ ಮುದಿ ಕಪಿಯ ಬಾಲ. ಚಿಕ್ಕಂದಿನಲ್ಲಿ ನಮ್ಮೂರ ಜಗಲಿಯಲ್ಲಿ ಗಮಕಿಗಳು ಕುಮಾರವ್ಯಾಸನ ಈ ಭಾಗವನ್ನು ಓದಿದಾಗ ನಾವು ಉಸಿರು ಬಿಗಿಹಿಡಿದದ್ದು ಹೂವಿಗಾಗಿ ಅಲ್ಲ, ಆ ಬಾಲಕ್ಕಾಗಿ. ಬದರಿಯ ದಾರಿಯ ಹನುಮಾನ್ ಚಟ್ಟಿಯನ್ನು ಜನ ಇಂದಿಗೂ ಆ ಭೇಟಿಯ ಸ್ಥಳವೆಂದೇ ತೋರಿಸುತ್ತಾರೆ.

ಕೊಳದ ಬಳಿ ಕುಬೇರನ ಕಾವಲುಗಾರರು ತಡೆದಾಗ ಭೀಮ ಹೂಡುವ ವಾದವಂತೂ ಇಂದಿನದೇ. ಬೆಟ್ಟದ ಝರಿಯಿಂದಾದ ನೀರು ಒಬ್ಬನ ಸೊತ್ತಲ್ಲ, ಎಲ್ಲರಿಗೂ ಸಮಾನ ಎನ್ನುತ್ತಾನೆ. ಮಾತು ಸರಿಯೆ. ಆದರೂ ಬಳಿಕ ಬಂದ ಧರ್ಮರಾಯ ತಮ್ಮನ ಸಾಹಸವನ್ನು ಮೆಚ್ಚುವುದಿಲ್ಲ. ಇನ್ನೊಮ್ಮೆ ಹೀಗೆ ಮಾಡಬೇಡವೆನ್ನುತ್ತಾನೆ. ಎಲ್ಲರದಾದುದನ್ನು ಹೇಗೆ ಬಳಸಬೇಕೆಂಬ ಪ್ರಶ್ನೆಯನ್ನು ಕವಿ ಹೀಗೆ ಇಬ್ಬರಲ್ಲಿ ಹಂಚಿಟ್ಟಿದ್ದಾನೆ. 2018ರಲ್ಲಿ ಉತ್ತರಾಖಂಡದ ಹೈಕೋರ್ಟು ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ರೂಪಕುಂಡದ ದಾರಿಯ ಡೇರೆಗಳಿಗೂ ಅದು ಅನ್ವಯಿಸಿತು. ಅದೇ ಪ್ರಶ್ನೆ, ಬೇರೆ ಪೀಠ.

ಬಿರುಗಾಳಿಯೂ ಪುರಾಣದ ಮಾತಲ್ಲ. 2024ರ ಜೂನ್ ಮೊದಲ ವಾರ, ಕರ್ನಾಟಕದ ಚಾರಣಿಗರೇ ಹೆಚ್ಚಾಗಿದ್ದ 22 ಮಂದಿಯ ತಂಡ ಉತ್ತರಕಾಶಿಯ ಸಹಸ್ರತಾಲದಿಂದ ಮರಳುವಾಗ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಅವರೂ ನಮ್ಮ ಹಾಗೆ ನೀರನ್ನು ನೋಡಬೇಕೆಂದು ಹೋದವರು. ಆ ಸುದ್ದಿ ಓದಿದ ಮೇಲೆ, ಗಾಳಿಯನ್ನೂ ಚಳಿಯನ್ನೂ ಬಿಟ್ಟು ಬಣ್ಣವನ್ನಷ್ಟೇ ಹೇಳುವ ಲೇಖನ ನನಗೆ ಅರ್ಧ ಸುಳ್ಳೆಂದೇ ತೋರುತ್ತದೆ. ಮುಂದೆ ಹೋಗುವವನು ಅದನ್ನು ನಂಬಿ ಹೊರಟಾನು.

ಲೇಖನವನ್ನು ಹುಡುಗನಿಗೆ ಹಿಂದಿರುಗಿಸಿ ಕೇಳಿದೆ: ‘ನಿಮ್ಮ ಡೇರೆಗಳನ್ನು ಹೊತ್ತವರು ಯಾರಪ್ಪ?’

‘ಕುದುರೆಯವರು ಸಾರ್. ಮೂರನೆಯ ರಾತ್ರಿ ಮಳೆಯಲ್ಲಿ ನಮ್ಮ ಡೇರೆಯ ಹಗ್ಗಗಳಿಗೆ ಕಲ್ಲು ಹೇರಿ, ಬೆಳಗಿನವರೆಗೆ ಎದ್ದೇ ಇದ್ದರು.’

‘ಅದನ್ನೇಕೆ ಬರೆಯಲಿಲ್ಲ?’

ಅವನು ತಲೆ ತಗ್ಗಿಸಿದ. ಅದು ಸಾಹಿತ್ಯವಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ. ನಮ್ಮ ಕುಣಿಗಲ್ ಕೆರೆಯನ್ನು ಹಾಡಿದ ಜನಪದ ಕವಿ ‘ವರ್ಣನಾತೀತ’ವೆಂದು ಸುಮ್ಮನಾಗಿದ್ದರೆ ನಾಡಿಗೆ ಆ ಹಾಡು ದೊರೆಯುತ್ತಿರಲಿಲ್ಲ. ಹುಡುಗ ಲೇಖನವನ್ನು ಮತ್ತೆ ಬರೆಯುತ್ತಿದ್ದಾನೆ. ಮಳೆಯ ಆ ರಾತ್ರಿಯಿಂದಲೇ ಪ್ರಾರಂಭಿಸುವಂತೆ ಹೇಳಿದ್ದೇನೆ.