ಕಟಕಟೆಯಲ್ಲಿ ನಿಲ್ಲಬೇಕಾಗಿದ್ದವನು

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಎಂದಕೂಡಲೇ ಕಣ್ಣಿಗೆ ಕಟ್ಟುವುದು ಯಂತ್ರಗಳ ನಡುವೆ ಮಿಸುಕಾಡುವ ಹೆಣ. ಅದು ಸಿನಿಮಾ ಕೊಟ್ಟ ಚಿತ್ರ. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಬಂದ ಕಾದಂಬರಿಯಲ್ಲಿ ಹೆಣಕ್ಕೆ ಜೀವ ಬರುವ ಆ ರಾತ್ರಿ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಜೀವ ತುಂಬಿದ್ದು ಹೇಗೆಂದು ಕಥಾನಾಯಕ ವಿಕ್ಟರ್ ಹೇಳುವುದೇ ಇಲ್ಲ. ಜೀವಿಯ ಹಳದಿ ಕಣ್ಣು ತೆರೆದದ್ದೇ ತಡ, ಕೋಣೆ ಬಿಟ್ಟು ಓಡುತ್ತಾನೆ. ಅದು ಹಾಸಿಗೆಯ ಬಳಿ ಬಂದು ಕೈಚಾಚಿದಾಗ ಮತ್ತೂ ಓಡುತ್ತಾನೆ.

ಇದನ್ನು ವಿಜ್ಞಾನದ ವಿರುದ್ಧದ ದೂರು ಎಂದು ಓದುವವರ ಜೊತೆ ನನಗೆ ತಕರಾರಿದೆ. ವಿಜ್ಞಾನಿ ಗಾಲ್ವಾನಿಯ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದವನೊಬ್ಬನ ಶವಕ್ಕೆ ವಿದ್ಯುತ್ ಹರಿಸಿ ದವಡೆ ಅದುರಿಸಿದ್ದ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಕವಿಗಳಾದ ಬೈರನ್ ಮತ್ತು ಪರ್ಸಿ ಶೆಲ್ಲಿ ಇಂಥವನ್ನೇ ಚರ್ಚಿಸುತ್ತಿದ್ದಾಗ ಹದಿನೆಂಟರ ಮೇರಿ ಕಿವಿಗೊಟ್ಟು ಕೂತಿದ್ದಳು. ಕಾದಂಬರಿಯಲ್ಲಿ ವಿಕ್ಟರನಿಗೆ ಕಲಿಸುವ ಪ್ರೊಫೆಸರ್ ವಾಲ್ಡ್‌ಮನ್ನನನ್ನು ಅವಳು ಅಕ್ಕರೆಯಿಂದಲೇ ಚಿತ್ರಿಸಿದ್ದಾಳೆ. ಜ್ಞಾನದಾಹವನ್ನು ಅವಳು ಹಳಿದಿಲ್ಲ. ಹುಟ್ಟಿಸಿದ್ದನ್ನು ಕೈಬಿಟ್ಟವನನ್ನು ಮಾತ್ರ ಬಿಟ್ಟಿಲ್ಲ.

ನನ್ನ ಪಾಲಿಗೆ ಕೃತಿಯ ತಿರುಳಿರುವುದು ಜಿನೀವಾದಲ್ಲಿ ನಡೆಯುವ ಜಸ್ಟೀನಳ ವಿಚಾರಣೆಯಲ್ಲಿ. ವಿಕ್ಟರನ ಪುಟ್ಟ ತಮ್ಮ ವಿಲಿಯಂ ಕೊಲೆಯಾಗಿದ್ದಾನೆ. ಅವನ ಮೈಮೇಲಿದ್ದ ಚಿತ್ರಪದಕ ಮನೆಗೆಲಸದ ಜಸ್ಟೀನಳ ಬಳಿ ಸಿಕ್ಕಿದೆ. ಕೊಂದದ್ದು ತನ್ನ ಸೃಷ್ಟಿಯೇ ಎಂದು ವಿಕ್ಟರನಿಗೆ ಖಾತ್ರಿ. ವಿಕ್ಟರನ ಕೈಹಿಡಿಯಲಿರುವ ಎಲಿಜಬೆತ್ ಎದ್ದುನಿಂತು ಹುಡುಗಿಯ ಪರ ಮಾತಾಡುತ್ತಾಳೆ. ಅವನು ಗೊತ್ತಿದ್ದನ್ನು ಹೇಳುವುದಿಲ್ಲ. ಹೇಳಿದರೆ ಹುಚ್ಚನೆಂದಾರು ಎಂಬುದು ಅವನ ಸಮಾಧಾನ. ಪಾದ್ರಿಯ ಬೆದರಿಕೆಗೆ ಸೋತ ಜಸ್ಟೀನ್ ಮಾಡದ ಕೊಲೆಯನ್ನು ಒಪ್ಪಿಕೊಂಡು ಗಲ್ಲಿಗೇರುತ್ತಾಳೆ. ಅವಳಿಗಿಂತ ತನ್ನ ಯಾತನೆಯೇ ದೊಡ್ಡದು, ಅವಳಿಗೆ ನಿರಪರಾಧಿಯೆಂಬ ಬಲವಾದರೂ ಇತ್ತು ಎಂದು ಅವನು ಅಂದುಕೊಳ್ಳುವಲ್ಲಿ ನನಗೆ ಪ್ರತಿಸಲವೂ ಮೈ ಉರಿಯುತ್ತದೆ.

ಮುಂದೆ ಮದುವೆಯ ರಾತ್ರಿ ಎಲಿಜಬೆತ್ ಆ ಜೀವಿಯ ಕೈಯಲ್ಲಿ ಸತ್ತ ಮೇಲೆ ಅದೇ ಜಿನೀವಾದ ಮ್ಯಾಜಿಸ್ಟ್ರೇಟನ ಎದುರು ವಿಕ್ಟರ್ ಎಲ್ಲವನ್ನೂ ಹೇಳುತ್ತಾನೆ. ಆತ ಅರೆನಂಬಿಕೆಯಿಂದಲಾದರೂ ತಾಳ್ಮೆಯಿಂದ ಕೇಳುತ್ತಾನೆ. ಹೆಂಡತಿಗಾಗಿ ಹೊರಟ ಮಾತು ಕೆಲಸದ ಹುಡುಗಿಗಾಗಿ ಹೊರಡಲಿಲ್ಲ. ಈ ಎರಡು ದೃಶ್ಯಗಳ ನಡುವಿನ ಅಂತರವನ್ನು ಮೇರಿ ಎಲ್ಲಿಯೂ ಬೆರಳಿಟ್ಟು ತೋರಿಸುವುದಿಲ್ಲ. ಅವಳ ಕಸುಬಿನ ಹೆಚ್ಚುಗಾರಿಕೆ ಇದು.

ಕೊರತೆಗಳೂ ಇವೆ. ಜಸ್ಟೀನ್, ಎಲಿಜಬೆತ್ ಇಬ್ಬರೂ ಒಳ್ಳೆಯತನದ ಮೂರ್ತಿಗಳಾಗಿಯೇ ಉಳಿದುಬಿಡುತ್ತಾರೆ. ಪದಕವನ್ನು ಜಸ್ಟೀನಳ ಬಟ್ಟೆಯಲ್ಲಿ ಸೇರಿಸಿದ್ದು ಆ ಜೀವಿಯೇ ಆದರೂ, ಅದರ ವಾಗ್ಮಿತೆಗೆ ಮರುಳಾಗಿ ನಾವು ಆ ಸಂಗತಿಯನ್ನು ಮರೆಯುತ್ತೇವೆ. 1831ರ ಪರಿಷ್ಕರಣೆಯಂತೂ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ವಿಕ್ಟರ್ ಮತ್ತೆ ಮತ್ತೆ ವಿಧಿಯನ್ನು ದೂರುತ್ತಾನೆ, ವಾಲ್ಡ್‌ಮನ್ನನ ಪಾಠವೂ ವಿಧಿಯ ನುಡಿಯಾಗುತ್ತದೆ. ಆಯ್ಕೆ ಅವನದಲ್ಲವೆಂದಾದರೆ ಹೊಣೆ ಯಾರದು? ಮೊದಲ ಆವೃತ್ತಿಯನ್ನೇ ಓದಬೇಕು.

ಉತ್ತರ ಧ್ರುವಪ್ರದೇಶದ ಹಿಮಸಮುದ್ರದಲ್ಲಿ, ಅನ್ವೇಷಕ ವಾಲ್ಟನ್ನನ ಹಡಗಿನಲ್ಲಿ ಸಾಯುವ ಮುನ್ನ ವಿಕ್ಟರ್ ತನ್ನ ನಡತೆಯನ್ನು ತೂಗಿ ನೋಡುತ್ತಾನೆ. ಸೃಷ್ಟಿಯ ಸುಖದ ಹೊಣೆ ತನ್ನದಾಗಿತ್ತೆಂದು ಒಪ್ಪುತ್ತಾನೆ, ಮನುಕುಲದ ಹೊಣೆ ಅದಕ್ಕಿಂತ ದೊಡ್ಡದಿತ್ತು ಎನ್ನುತ್ತಾನೆ, ತನ್ನಲ್ಲಿ ದೋಷ ಕಾಣದೆಂದು ತೀರ್ಮಾನಿಸುತ್ತಾನೆ. ಆ ತೀರ್ಮಾನದಲ್ಲಿ ಜಸ್ಟೀನಳ ಹೆಸರಿಲ್ಲ.